ಒಂದೇ ಸಲ ಕೂಗಿದ ಗಂಟೆ

ಕಳೆದ ವಾರ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕಿಯಾಗಿ ಯಾದಗಿರಿಯಿಂದ ಸುರಪುರಕ್ಕೆ ಹೋಗುತ್ತಿದ್ದೆ. ಶಹಾಪುರ ದಾಟಿದ ಮೇಲೆ ಬಸ್ಸು ಕಾಲುವೆಯ ಸೇತುವೆಯ ಬಳಿ ನಿಧಾನವಾಯಿತು. ಎದುರಿನಿಂದ ಭತ್ತದ ಸಸಿಯ ಕಟ್ಟುಗಳನ್ನು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ಆಗ ಕಿಟಕಿಯಿಂದ ಆ ವಾಸನೆ ಬಂತು. ಬೇಸಿಗೆಯುದ್ದಕ್ಕೂ ಒಣಗಿ ಬಿರಿದ ಕಾಲುವೆಯ ತಳದ ಮೇಲೆ ಮೊದಲ ನೀರು ಹರಿದಾಗ ಏಳುವ ವಾಸನೆ. ಮಳೆಗೆ ನೆನೆದ ಮಣ್ಣಿನ ಪರಿಮಳದಂತಲ್ಲ ಇದು. ಕೊಳೆತ ಜೊಂಡು, ಸತ್ತ ಏಡಿ, ಹಳೆಯ ಹೂಳು ಎಲ್ಲವೂ ಇದರಲ್ಲಿ ಸೇರಿರುತ್ತವೆ. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನಾನು ಕಿವಿಗೊಟ್ಟು ಕುಳಿತೆ. ವಾಸನೆಗೆ ಕಿವಿಗೊಡುವುದು ತಪ್ಪು ಪ್ರಯೋಗವೆಂದು ಓದುಗರಿಗೆ ತೋರಬಹುದು. ಆದರೆ ಆ ವಾಸನೆಯ ಹಿಂದೆಯೇ ಒಂದು ಗಂಟೆ ಎರಡು ಸಲ ಕೂಗಬೇಕು. ನನ್ನ ಪಾಲಿಗೆ ಅವೆರಡೂ ಒಂದೇ ಮಳೆಗಾಲದಲ್ಲಿ ಕೂಡಿಕೊಂಡವು.

ಆ ವರ್ಷ ನಾನು ಯಾದಗಿರಿಯಲ್ಲಿ ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಬಿ.ಎಸ್‌ಸಿ. ಮುಗಿಸಿ ಊರಿಗೆ ಮರಳಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಮೊದಲಿಗಳಾಗಿರುವುದರಲ್ಲಿ ಒಂದು ಕಷ್ಟವಿದೆ. ತಪ್ಪಿದರೆ ತಿದ್ದುವವರು ಮನೆಯಲ್ಲಿ ಇರುವುದಿಲ್ಲ. ಆದ್ದರಿಂದ ತಪ್ಪಲೇಬಾರದೆಂಬ ಹಟವೊಂದು ಮೈಗೂಡುತ್ತದೆ. ಪ್ರಯೋಗಾಲಯದಲ್ಲಿ ನಾನು ಪ್ರತಿ ಅಳತೆಯನ್ನೂ ಉಸಿರು ಬಿಗಿಹಿಡಿದು ಒಮ್ಮೆ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಎರಡನೆಯ ಸಲ ತೆಗೆದುಕೊಂಡರೆ ಮೊದಲನೆಯದರಲ್ಲಿ ನಂಬಿಕೆಯಿಲ್ಲವೆಂದು ಒಪ್ಪಿಕೊಂಡಂತೆ ಎಂದು ನನಗೆ ಅನ್ನಿಸುತ್ತಿತ್ತು.

ನಮ್ಮ ಊರು ಶಹಾಪುರ–ಸುರಪುರದ ರಸ್ತೆಯಿಂದ ತುಸು ಒಳಗಿದೆ. ಮನೆಯ ಹಿಂದೆಯೇ ಹೊಲಗಳಿಗೆ ನೀರು ಒಯ್ಯುವ ಸಣ್ಣ ಕಾಲುವೆ. ದೊಡ್ಡ ಕಾಲುವೆಯ ಬಾಲದಲ್ಲಿರುವ ಊರು ನಮ್ಮದು. ಮೇಲಿನ ಊರುಗಳ ಹೊಲಗಳು ತುಂಬಿದ ಮೇಲೆ ನಮಗೆ ನೀರು. ನನ್ನ ಅಪ್ಪ ಮಲ್ಲಪ್ಪ ಆ ಸಣ್ಣ ಕಾಲುವೆಯ ಮೇಲೆ ದಿನಗೂಲಿಯಾಗಿ ನೀರು ಬಿಡುವ ಕೆಲಸ ಮಾಡುತ್ತಿದ್ದ. ಪಾಳಿ ಬಂದವರ ತೂಬು ತೆಗೆಯುವುದು, ಮುಗಿದೊಡನೆ ಮುಚ್ಚುವುದು, ಮುಂದಿನವರನ್ನು ಕೂಗಿ ಕರೆಯುವುದು ಅವನ ಕೆಲಸ.

ಅವನ ಕೂಗಿಗೆ ಒಂದು ಕ್ರಮವಿತ್ತು. ಹೆಸರು ಹಿಡಿದು ಎರಡು ಸಲ. ನಮ್ಮ ಕಡೆ ಹಳಬರು ಮೊದಲ ಕರೆಗೆ ಓಗೊಡುವುದಿಲ್ಲ. ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರ ಕರೆಯಲ್ಲ, ಅದಕ್ಕೆ ‘ಓ’ ಎಂದರೆ ಬೇರೇನೋ ಬೆನ್ನು ಹತ್ತುತ್ತದೆ ಎಂಬುದು ನಂಬಿಕೆ. ಹಾಗಾಗಿ ಅಪ್ಪನ ಮೊದಲ ಕೂಗಿಗೆ ಜನ ಹೊಲದಲ್ಲಿ ತಲೆ ಎತ್ತುತ್ತಿದ್ದರು, ಎರಡನೆಯದಕ್ಕೆ ‘ಓ’ ಎನ್ನುತ್ತಿದ್ದರು. ಮೂರನೆಯ ಕೂಗು ಅವನಲ್ಲಿ ಇರಲಿಲ್ಲ. “ಎರಡ ಕೂಗು ನನ್ನವು. ಬಂದ್ರ ಬಂದ್ರಿ, ಇಲ್ಲಂದ್ರ ನೀರು ಮುಂದ ಹೊಂಟಾವು,” ಎನ್ನುತ್ತಿದ್ದ. ಒಮ್ಮೆ ಊರಿನ ಗೌಡರ ಪಾಳಿಯನ್ನೇ ಹೀಗೆ ದಾಟಿಸಿಬಿಟ್ಟ. ಗೌಡರು ಕಟ್ಟೆಯ ಮೇಲೆ ತಡೆದು ಕೇಳಿದರು: “ಏನೋ ಮಲ್ಲ್ಯಾ, ಮೂರನೇ ಸಲ ಕರದಿದ್ರ ನಿನ್ನ ಗಂಟಲು ಹರೀತಿತ್ತೇನು?”

“ಗಂಟಲು ಹರೀತಿದ್ದಿಲ್ರಿ ಗೌಡ್ರ, ಕಾಯ್ದೆ ಹರೀತಿತ್ತು.”

ಆ ಬೇಸಿಗೆಯ ಆರಂಭದಲ್ಲಿ, ಕಾಲುವೆಯ ಕೊನೆಯ ಪಾಳಿಗಳು ಮುಗಿಯುವ ಮುನ್ನವೇ, ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಮಾತು ಕೇಳದಾದವು. ಬಾಯಿಯ ಮಾತೂ ಹೋಯಿತು. ಹರದಾರಿ ದೂರ ಕೇಳುವಂತೆ ಕೂಗುತ್ತಿದ್ದ ಗಂಟಲಿನಲ್ಲಿ ಉಳಿದದ್ದು “ಊಂ” ಎಂಬ ಒಂದು ಸಣ್ಣ ದನಿ. ಹಿಂದಿನ ಕೋಣೆಯ ಕಿಟಕಿಯ ಪಕ್ಕ ಅವನ ಮಂಚ ಹಾಕಿದೆವು. ಕಿಟಕಿ ತೆರೆದರೆ ಒಣಗಿದ ಕಾಲುವೆ ಕಾಣುತ್ತಿತ್ತು. ಅದನ್ನು ಮುಚ್ಚಲು ಹೋದರೆ ಅಪ್ಪ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದ. ಅವನ ಜಾಗಕ್ಕೆ ಬಂದ ಹೊಸಬ ಮೋಟಾರ್ ಸೈಕಲ್ಲಿನ ಮೇಲೆ ಬಂದು ತೂಬು ತೆಗೆದು ಹೋಗುವವನು.

“ಅವ ಕೂಗಂಗಿಲ್ಲವ್ವ, ಹಾರ್ನ್ ಹೊಡೀತಾನ. ಹಾರ್ನಿಗಿ ಹೆಸರು ಇರ್ತದೇನು? ಯಾರಿಗಿ ಹೊಡದಾನ ಅಂತ ತಿಳೀಬೇಕು ಹ್ಯಾಂಗ?” ಎಂದು ನೀಲವ್ವ ಅತ್ತೆ ಬೈಯುತ್ತಿದ್ದಳು. ಈಕೆ ನಮ್ಮ ಪಕ್ಕದ ಮನೆಯವಳು. ಒಂಟಿ ಜೀವ. ಮದುವೆಯ ಮನೆಗಳಿಗೆ, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಕಾಲುವೆಯ ಕೊನೆಯಲ್ಲಿ ಒಂದು ತುಂಡು ಹೊಲವೂ ಇತ್ತು. ಆ ಸಲ ಅದರ ಮೂಲೆಯಲ್ಲಿ ಭತ್ತದ ಸಸಿಮಡಿ ಮಾಡಿ, ಕೊಡದಿಂದ ನೀರು ಹನಿಸುತ್ತ, ಕಾಲುವೆಯ ಮೊದಲ ನೀರಿಗೆ ಕಾದಿದ್ದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಸುರಪುರದ ಒಂದು ಕಾಲೇಜಿನಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಎಲೆಕ್ಟ್ರಾನಿಕ್ಸ್ ಪಾಠ, ಜೊತೆಗೆ ಪ್ರಯೋಗಾಲಯದ ಹೊಣೆ. ಮುಂದಿನ ವಾರದ ಶುಕ್ರವಾರದಿಂದ ಬರಬೇಕೆಂದು ಪ್ರಾಂಶುಪಾಲರು ಹೇಳಿದರು. ಅದೇ ಹೊತ್ತಿಗೆ ಮೇಲಿನ ಊರುಗಳಲ್ಲಿ ಭತ್ತದ ನಾಟಿ ಶುರುವಾಗಿತ್ತು. ಅವ್ವ ಬೆಳಕು ಹರಿಯುವ ಮುನ್ನ ಹೆಂಗಸರ ಗುಂಪಿನ ಜೊತೆ ಟಂಟಂ ಆಟೋ ಹತ್ತಿ ನಾಟಿಗೆ ಹೋಗುತ್ತಿದ್ದಳು. ಆ ಕೂಲಿ ಬಿಟ್ಟರೆ ವರ್ಷದ ಜೋಳಕ್ಕೆ ಬೇರೆ ದಾರಿಯಿರಲಿಲ್ಲ. ನಾನೂ ಹೊರಟರೆ ಹಗಲೆಲ್ಲ ಅಪ್ಪ ಒಬ್ಬನೇ.

“ನಾ ಇಲ್ಲೇ ಇರ್ತೀನಲ್ಲವ್ವ, ಎಲ್ಲಿ ಹೋಗ್ತೀನಿ?” ಎಂದಳು ಅತ್ತೆ. “ಆದ್ರ ನಾ ರೊಟ್ಟಿ ಬಡಿಯೋ ಸಪ್ಪಳದಾಗ ಗುಡುಗು ಸೈತ ಕೇಳಂಗಿಲ್ಲ. ಇವನ ‘ಊಂ’ ಎಲ್ಲಿ ಕೇಳಬೇಕು? ಬೇಕಾದಾಗ ಕರೀಲಿ, ಬಂದು ನೀರು ಕುಡಿಸಿ, ಹೊರಳಿಸಿ ಹೋಗ್ತೀನಿ. ಕರಿಯೋದು ಒಂದು ನೀ ಬರೋಬರ್ ಮಾಡು.”

ಹೀಗೆ ಎಲ್ಲವೂ ಒಂದು ಕರೆಯ ಮೇಲೆ ಬಂದು ನಿಂತಿತು. ಅಪ್ಪನಿಗೆ ಕರೆಯಲು ಬಂದರೆ ನಾನು ಕೆಲಸಕ್ಕೆ ಹೋಗಬಹುದು, ಇಲ್ಲವಾದರೆ ಇಲ್ಲ. ಮನೆಯಲ್ಲಿದ್ದ ಒಂದೇ ಮೊಬೈಲ್ ನನ್ನದು. ಅತ್ತೆಯ ಬಳಿ ಅದೂ ಇರಲಿಲ್ಲ. ಮೊದಲು ನಾನು ಸರಳವಾದ ದಾರಿಯನ್ನೇ ಯೋಚಿಸಿದೆ: ಅತ್ತೆಯ ಗೋಡೆಗೆ ಗಂಟೆ, ಅಪ್ಪನ ಕೈಗೆ ತಂತಿಯ ಸ್ವಿಚ್ಚು. ಅವ್ವ ಒಪ್ಪಲಿಲ್ಲ. “ನೀರು ಚೆಲ್ಲೋ ಹಾಸಿಗ್ಯಾಗ ಕರೆಂಟಿನ ವಯರ್ ಬ್ಯಾಡೇ ಬ್ಯಾಡ,” ಎಂದಳು. ಆಕೆಯ ಅಂಜಿಕೆ ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ.

ದಾರಿ ಕಂಡದ್ದು ಅಪ್ಪನ ಎದೆಯ ಮೇಲೆ. ನಮ್ಮ ಹಳೆಯ ಟಿವಿ ಆ ತಿಂಗಳು ಸಿಡಿಲಿಗೆ ಕೆಟ್ಟಿತ್ತು. ಶಹಾಪುರದ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿಯಿಟ್ಟಿದ್ದ ಖಾಜಾ ಚಾಚಾ ಅದನ್ನು ಬಿಚ್ಚಿ ನೋಡಿ, “ಟಿವಿ ಖತಂ ಬೇಟಿ. ರಿಮೋಟ್ ಮಾತ್ರ ಜಿಂದಾ ಅದ,” ಎಂದು ರಿಮೋಟನ್ನು ಮರಳಿ ಕೊಟ್ಟಿದ್ದರು. ಟಿವಿ ಇಲ್ಲದಿದ್ದರೂ ಅಪ್ಪ ಆ ರಿಮೋಟನ್ನು ಬಿಟ್ಟುಕೊಟ್ಟಿರಲಿಲ್ಲ. ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ ಅದು ಸದಾ ಎದೆಯ ಮೇಲೆ, ಅವನ ಎಡಗೈಯಲ್ಲಿರುತ್ತಿತ್ತು. ಹೆಬ್ಬೆರಳು ತಾನಾಗಿಯೇ ಮೇಲಿನ ಕೆಂಪು ಗುಂಡಿಯ ಮೇಲೆ ಬಂದು ಕೂರುತ್ತಿತ್ತು.

ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ದೀಪವಿದೆ. ಅದರ ಬೆಳಕು ಅವಕೆಂಪು, ಅಂದರೆ ಇನ್ಫ್ರಾರೆಡ್ ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಕ್ಯಾಮೆರಾದಲ್ಲಿ ಕಾಣುತ್ತದೆ. ನಾನು ಕ್ಯಾಮೆರಾ ಹಿಡಿದು ಅಪ್ಪನಿಗೆ ತೋರಿಸಿದೆ. ಅವನು ಗುಂಡಿ ಒತ್ತಿದ. ಪರದೆಯ ಮೇಲೆ ನೇರಳೆ ಕಿಡಿಯೊಂದು ಮಿನುಗಿತು. ಬಿಟ್ಟ, ಆರಿತು. ಮತ್ತೆ ಒತ್ತಿದ. ಲಕ್ವಾ ಹೊಡೆದ ಮೇಲೆ ಅವನು ಮೊದಲ ಸಲ ಅರ್ಧ ಬಾಯಿಂದ ನಕ್ಕದ್ದು ಅಂದು.

“ಕಣ್ಣಿಗಿ ಕಾಣಲಾರದ್ದು ಬೆಳಕು ಹ್ಯಾಂಗ ಆಗ್ತದವ್ವ?” ಅತ್ತೆ ಇಣುಕಿ ಕೇಳಿದಳು. “ನಿನ್ನ ಫೋನು ಸುಳ್ಳ ಹೇಳಾಕತ್ತದ.”

“ಓದಿದಾಕಿ ಹೇಳ್ತಾಳಂದ್ರ ಇರಬೇಕು ಬಿಡು ನೀಲಕ್ಕ,” ಎಂದಳು ಅವ್ವ. ಆ ಮಾತು ಕೇಳಿ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಯಿತು.

ಮರುದಿನ ನಾನು ರಿಮೋಟು ತೆಗೆದುಕೊಂಡು ಯಾದಗಿರಿಯ ನನ್ನ ಹಳೆಯ ಕಾಲೇಜಿಗೆ ಹೋದೆ. ರಿಮೋಟಿನ ಬೆಳಕು ಸುಮ್ಮನೆ ಹೊತ್ತಿಕೊಳ್ಳುವುದಿಲ್ಲ. ಬಲು ವೇಗವಾಗಿ ಮಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಮಿನುಗುತ್ತದೆ. ಮಿನುಗಿಗೂ ಮೌನಕ್ಕೂ ಕ್ರಮವೊಂದು ಇರುತ್ತದೆ. ಮೂರು ಕಾಲಿನ ಕರಿ ಮಣಿಯಂಥ ಗ್ರಾಹಕ ಆ ಬೆಳಕನ್ನು ಹಿಡಿಯುತ್ತದೆ. ಅದಕ್ಕೆ ಜೋಡಿಸಿದ ಅಂಗೈಯಗಲದ ಬೋರ್ಡು ಆ ಕ್ರಮವನ್ನು ಸೊನ್ನೆ, ಒಂದುಗಳಾಗಿ ಓದಿ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಕೆಂಪು ಗುಂಡಿಯ ಸಂಖ್ಯೆ ಯಾವುದೆಂದು ಕಂಡುಕೊಂಡು, ‘ಈ ಸಂಖ್ಯೆ ಬಂದರೆ ಗಂಟೆ ಬಾರಿಸು’ ಎಂದು ಬೋರ್ಡಿಗೆ ಕಲಿಸಬೇಕು. ನನ್ನ ಕೆಲಸ ಅಷ್ಟೇ.

ಪ್ರಯೋಗಾಲಯದ ಸಹಾಯಕರು ಬಾಗಿಲಲ್ಲಿ ನಿಂತು ಕೀಲಿಕೈ ಗೊಂಚಲು ಅಲ್ಲಾಡಿಸುತ್ತಿದ್ದರು. “ತಂಗಿ, ಕರೆಂಟು ಹೋಗೋ ಹೊತ್ತಾತು. ಎಷ್ಟು ಸಲ ಒತ್ತೋದದ?”

“ಒಂದೇ ಸಲ ಅಣ್ಣಾ,” ಎಂದು ಉಸಿರು ಬಿಗಿಹಿಡಿದು ಒತ್ತಿದೆ. ಸಂಖ್ಯೆ ಬಂತು. ಅದನ್ನೇ ಬೋರ್ಡಿಗೆ ಕೊಟ್ಟೆ. ಹೇಳಿದಂತೆಯೇ ಕರೆಂಟು ಹೋಯಿತು.

ಬೋರ್ಡನ್ನು ಅಪ್ಪನ ಕೋಣೆಯ ಎತ್ತರದ ಗೂಡಿನಲ್ಲಿಟ್ಟು, ತಂತಿಯನ್ನು ಬೇವಿನ ಕೊಂಬೆಯ ಮೇಲಿಂದ ಹಾಯಿಸಿ, ಗಂಟೆಯನ್ನು ಅತ್ತೆಯ ಒಲೆಯ ಎದುರಿನ ಗೋಡೆಗೆ ಬಡಿದೆವು. ತಂತಿ ಎಳೆಯಲು ಖಾಜಾ ಚಾಚಾ ತಾವಾಗಿಯೇ ಬಂದಿದ್ದರು. ಅಪ್ಪ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ, ಆಚೆ ಮನೆಯಲ್ಲಿ “ಟ್ರಿಣ್” ಎಂದಿತು. ಮತ್ತೆ ಒತ್ತಿದರೆ ಮತ್ತೆ ಮೌನ.

ಚಾಚಾ ರಿಮೋಟನ್ನು ಇಸಿದುಕೊಂಡು ಅಂಗೈಗೆ ಎರಡೇಟು ಹೊಡೆದು ಒತ್ತಿದರು. ಗಂಟೆ ಕೂಗಿತು. “ನೋಡಿದಿ? ರಿಮೋಟಿಗಿ ಉಮರ್ ಆಗ್ಯಾದ ಬೇಟಿ. ಉಮರ್ ಆದವ್ರು ಮೊದಲ ಮಾತಿಗಿ ಕೇಳ್ತಾರೇನು?”

ರಿಮೋಟಿಗೂ ವಯಸ್ಸಾಯಿತೆಂದು ಎಲ್ಲರೂ ನಕ್ಕೆವು. ನಮ್ಮ ಮನೆಗಳಲ್ಲಿ ರಿಮೋಟು ಎಂದರೆ ಹಾಗೆಯೇ: ಚೀಲದೊಳಗಿನ, ಗುಂಡಿ ಸವೆದ, ಎರಡು ಮೂರು ಸಲ ಒತ್ತಿ, ಕೇಳದಿದ್ದರೆ ಅಂಗೈಗೆ ಬಡಿದು ಬಳಸುವ ವಸ್ತು. ಒಂದೇ ಒತ್ತಿಗೆ ಕೆಲಸ ಮಾಡುವ ರಿಮೋಟನ್ನು ನಾನೂ ನೋಡಿರಲಿಲ್ಲ. ಹೊಸ ಸೆಲ್ಲು ಹಾಕಿದೆವು, ಗುಂಡಿಯ ಕೆಳಗೆ ಒರೆಸಿದೆವು, ಅಪ್ಪ ನಾಲ್ಕಾರು ಸಲ ಒತ್ತಿದ, ಗಂಟೆ ಕೂಗಿತು, ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಪರೀಕ್ಷೆ ಮುಗಿಯಿತೆಂದು ತಿಳಿದೆವು.

ಶುಕ್ರವಾರ ನಾನು ಸುರಪುರಕ್ಕೆ ಹೋದೆ. ಮೊದಲ ದಿನದ ಪಾಠದಲ್ಲಿ ಒಂದು ಉಚ್ಚಾರವೂ ತಪ್ಪಬಾರದೆಂದು ಮಾತನ್ನು ಅಳೆದು ಅಳೆದು ಆಡಿದೆ. ಮಧ್ಯಾಹ್ನಕ್ಕೆ ಮುನ್ನ ಮೋಡ ಕವಿದು, ಗಾಳಿಯೆದ್ದು, ಓರೆಯಾಗಿ ಮಳೆ ಹೊಡೆಯಿತು. ತರಗತಿಯ ಕಿಟಕಿಗಳನ್ನು ಮುಚ್ಚಿಸುತ್ತಿರುವಾಗ ನನಗೆ ನಮ್ಮ ಮನೆಯ ಹಿಂದಿನ ಕಿಟಕಿ ನೆನಪಾಯಿತು.

ಸಂಜೆ ಮನೆಗೆ ಬಂದಾಗ ಅಪ್ಪನ ಹಾಸಿಗೆ, ಕೌದಿ ಎಲ್ಲವೂ ಹಗ್ಗದ ಮೇಲಿದ್ದವು. ಮಳೆ ಕಿಟಕಿಯಿಂದ ನುಗ್ಗಿ ಅವನನ್ನು ತೊಯ್ಯಿಸಿತ್ತು. ಅವ್ವ ಮರಳಿ ಬರುವವರೆಗೆ ಅವನು ಹಾಗೆಯೇ ಮಲಗಿದ್ದ. ಈಗ ಒಣಬಟ್ಟೆ ಉಟ್ಟಿದ್ದರೂ ನಡುಗುತ್ತಿದ್ದ. ಅವ್ವ ಅಂಬಲಿ ಕುಡಿಸುತ್ತಿದ್ದಳು. ನೀಲವ್ವ ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

“ಬೆಲ್ಲು ಹೊಡೀಲಿಲ್ಲೇನು ಅತ್ತಿ?”

“ಹೊಡೀತು. ಒಂದ ಸಲ ಹೊಡೀತು. ಹಂಚಿನ ಮ್ಯಾಲಿನ ರೊಟ್ಟಿ ತೆಗದು, ಕೈ ಕಟಿಗೊಂಡು ಕುಂತೆ, ಇನ್ನೊಂದು ಬರ್ತದಂತ. ಬರಲಿಲ್ಲ.”

“ಒಂದು ಸಲ ಹೊಡದ್ರೂ ಬರಬೇಕಿತ್ತಲ್ಲ ಅತ್ತಿ?”

“ಒಮ್ಮಿ ಕರದದ್ದಕ್ಕ ಯಾರವ್ವ ಓ ಅಂತಾರ? ಅದೂ ಮಾಡ ಕವದು, ಗುಡುಗು ಮಿಂಚು ಆಗೋ ಹೊತ್ತಿನಾಗ? ಮಿಂಚಿಗಿ ಬೆಲ್ಲು ತಾನ ಒದರೇದ ಅಂದ್ಕೊಂಡೆ. ಮಲ್ಲಣ್ಣ ಕರದಿದ್ರ ಎರಡು ಸಲ ಕರೀತಿದ್ದ. ಜಲ್ಮಾ ಪೂರ್ತಿ ಎರಡು ಸಲ ಕರದವ ಇವತ್ತ ಒಂದಕ್ಕ ಯಾಕ ನಿಂದ್ರತಾನ?”

ಅಪ್ಪ ಮಂಚದ ಪಟ್ಟಿ ಬಡಿದ. ಎಡಗೈ ಎತ್ತಿ ಎರಡು ಬೆರಳು ತೋರಿಸಿದ. “ಊಂ.”

“ಒಂದು ಮಲ್ಲಣ್ಣ, ಒಂದ. ನನ್ನ ಕಿವಿ ಇನ್ನೂ ಗಟ್ಟಿ ಅದಾವ.”

ಮತ್ತೆ ಎರಡು ಬೆರಳು. ಈ ಸಲ ಅವನ್ನು ಕೆಳಗಿಳಿಸಲೇ ಇಲ್ಲ.

“ಸಾಕು ಬಿಡ್ರಿ, ಇಬ್ರೂ ಕೂಸಿನಂಗ,” ಎಂದಳು ಅವ್ವ. ನನ್ನ ಕಡೆ ತಿರುಗಿ, “ನಾಳಿ ಒಂದಿನ ನಾ ಮನ್ಯಾಗ ಇರ್ತೀನಿ. ಮುಂದ ಹ್ಯಾಂಗಂತ ನೀನ ವಿಚಾರ ಮಾಡು,” ಎಂದಳು. ವಿಚಾರ ಮಾಡಲು ಉಳಿದದ್ದೇನೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮರುದಿನ ಸುರಪುರಕ್ಕೆ ಹೋಗಿ, ಈ ಕೆಲಸ ನನ್ನಿಂದಾಗದೆಂದು ಹೇಳಿಬರಲು ಮನಸ್ಸಿನಲ್ಲಿಯೇ ತೀರ್ಮಾನಿಸಿದೆ. ಹೇಳಬೇಕಾದ ವಾಕ್ಯವನ್ನೂ ತಪ್ಪಿಲ್ಲದಂತೆ ಜೋಡಿಸಿಕೊಂಡೆ.

ಬೆಳಿಗ್ಗೆ ಹೊರಡುವಾಗ ಅಪ್ಪ ನನ್ನನ್ನು “ಊಂ” ಎಂದು ನಿಲ್ಲಿಸಿದ. ಮತ್ತೆ ಆ ಎರಡು ಬೆರಳು. ಬೇಡಿಕೆಯಲ್ಲ, ಸಿಟ್ಟೂ ಅಲ್ಲ. ಸಾಕ್ಷಿ ಹೇಳುವವನ ಮುಖ ಅದು. ಬಸ್ಸಿನಲ್ಲಿ ಕುಳಿತಾಗಲೂ ಆ ಬೆರಳುಗಳು ಕಣ್ಣ ಮುಂದಿದ್ದವು. ಕೂಗಿನ ಲೆಕ್ಕದಲ್ಲಿ ಅಪ್ಪ ಎಂದೂ ಸುಳ್ಳಾಡಿದವನಲ್ಲ; ಹಾಗೆ ಮಾಡಿದ್ದರೆ ಗೌಡರ ಎದುರು ನಿಲ್ಲುತ್ತಿರಲಿಲ್ಲ. ಅತ್ತೆಗೂ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಒಬ್ಬ ಎರಡು ಸಲ ಕರೆದಿದ್ದಾನೆ, ಇನ್ನೊಬ್ಬಳು ಒಂದೇ ಸಲ ಕೇಳಿದ್ದಾಳೆ. ಇಬ್ಬರೂ ಸರಿಯಾಗಿದ್ದರೆ, ಒಂದು ಕರೆ ಎರಡು ಮನೆಗಳ ನಡುವೆ ಕಳೆದುಹೋಗಿರಬೇಕು. ಅದೃಷ್ಟವಶಾತ್ ಬೋರ್ಡೂ ರಿಮೋಟೂ ನನ್ನ ಚೀಲದಲ್ಲಿದ್ದವು. ಅವ್ವ ಮನೆಯಲ್ಲಿಯೇ ಇರುವುದರಿಂದ, ಮಿಂಚಿಗೆ ಕೆಟ್ಟಿತೇನೋ ಒಮ್ಮೆ ನೋಡೋಣವೆಂದು ಬಿಚ್ಚಿಕೊಂಡು ಬಂದಿದ್ದೆ.

ಪ್ರಾಂಶುಪಾಲರು ಇನ್ನೂ ಬಂದಿರಲಿಲ್ಲ. ಅವರಿಗೊಂದು ಮಾತು ಹೇಳುವುದಿದೆಯೆಂದು ಪ್ಯೂನ್‌ಗೆ ತಿಳಿಸಿ, ಪ್ರಯೋಗಾಲಯದ ಬೀಗ ತೆಗೆದು, ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ಕೆಂಪು ಗುಂಡಿ ಒತ್ತಿದೆ. ಪರಿಚಿತ ಸಂಖ್ಯೆ ಬಂತು. ನನ್ನ ಅಭ್ಯಾಸಕ್ಕೆ ವಿರುದ್ಧವಾಗಿ ಎರಡನೆಯ ಸಲ ಒತ್ತಿದೆ.

ಬೇರೆ ಸಂಖ್ಯೆ.

ಮೂರನೆಯ ಸಲ ಒತ್ತಿದಾಗ ಮೊದಲಿನದೇ ಬಂತು. ನಾಲ್ಕನೆಯದಕ್ಕೆ ಮತ್ತೆ ಆ ಇನ್ನೊಂದು. ಅದೇ ಗುಂಡಿ, ಅದೇ ಬೆರಳು, ಎರಡು ಸಂಖ್ಯೆಗಳು ಒಂದಾದ ಮೇಲೊಂದು ಪಾಳಿಯ ಮೇಲೆ ಬರುತ್ತಿದ್ದವು. ಎರಡನ್ನೂ ಸೊನ್ನೆ ಒಂದುಗಳಲ್ಲಿ ಬಿಡಿಸಿ ಒಂದರ ಕೆಳಗೊಂದು ಬರೆದೆ. ಉಳಿದ ಎಲ್ಲ ಸ್ಥಾನಗಳೂ ಒಂದೇ; ಮುಂಭಾಗದ ಒಂದೇ ಒಂದು ಸ್ಥಾನದಲ್ಲಿ ಒಮ್ಮೆ ಸೊನ್ನೆ, ಒಮ್ಮೆ ಒಂದು. ಗುಂಡಿಯನ್ನು ಒತ್ತಿ ಹಿಡಿದೇ ಇದ್ದರೆ ಅದು ಬದಲಾಗುತ್ತಿರಲಿಲ್ಲ. ಬೆರಳು ಎತ್ತಿ ಹೊಸದಾಗಿ ಒತ್ತಿದಾಗ ಮಾತ್ರ ಬದಲಾಗುತ್ತಿತ್ತು.

ಆಗ ಅರ್ಥವಾಯಿತು. ಬೆರಳು ಇನ್ನೂ ಗುಂಡಿಯ ಮೇಲೆಯೇ ಇದೆಯೋ, ಎತ್ತಿ ಮತ್ತೆ ಒತ್ತಿದ್ದೋ ಎಂಬುದು ಟಿವಿಗೆ ತಿಳಿಯಬೇಕು. ಅದಕ್ಕೆಂದೇ ಈ ರಿಮೋಟು ಪ್ರತಿ ಹೊಸ ಒತ್ತಿಗೂ ಆ ಒಂದು ಗುರುತನ್ನು ತಿರುಗಿಸುತ್ತದೆ. ಇದು ಹಳೆಯ ಕರೆಯ ಮುಂದುವರಿಕೆಯಲ್ಲ, ಬೇರೆ ಕರೆ ಎಂದು ಹೇಳುವ ಗುರುತು ಅದು. ನಾನು ಕಲಿಸಿದ್ದು ಒಂದೇ ಕರೆಯನ್ನು. ಇನ್ನೊಂದು ಬಂದಾಗಲೆಲ್ಲ ಬೋರ್ಡು ಅಪರಿಚಿತರನ್ನು ಕಂಡಂತೆ ಸುಮ್ಮನಿರುತ್ತಿತ್ತು. ಅಪ್ಪ ಎರಡು ಸಲ ಕರೆದರೆ, ಅವನು ಎಲ್ಲಿಂದ ಶುರುಮಾಡಿದರೂ, ಗಂಟೆ ಕೂಗುವುದು ಒಂದೇ ಸಲ. ಅತ್ತೆ ಓಗೊಡದಿರುವುದೂ ಒಂದೇ ಸಲದ ಕರೆಗೆ. ಮೂರನೆಯ ಸಲ ಅಪ್ಪ ಕರೆಯುವವನಲ್ಲ. ರಿಮೋಟು, ಅಪ್ಪ, ಅತ್ತೆ ಮೂವರೂ ತಮ್ಮ ತಮ್ಮ ಕಾಯ್ದೆ ಹರಿಯದಂತೆ ನಡೆದುಕೊಂಡಿದ್ದರು. ಮಳೆ ಮಾತ್ರ ಒಳಗೆ ಬಂದಿತ್ತು.

ಬಾಗಿಲಲ್ಲಿ ಪ್ರಾಂಶುಪಾಲರು ಕೆಮ್ಮಿದರು. “ಏನ್ರಿ ಮೇಡಂ, ಎರಡನೇ ದಿನಾನ ಇಷ್ಟು ಲಗೂ ಬಂದೀರಿ? ನನಗ ಏನೋ ಹೇಳೋದದ ಅಂತ ಪ್ಯೂನ್ ಅಂದ. ರಜಾ ಕೇಳಂಗಿದ್ರ ಈಗ ಬ್ಯಾಡ್ರಿ ಮತ್ತ.”

ಜೋಡಿಸಿಟ್ಟ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. “ಇಲ್ರಿ ಸರ್,” ಎಂದೆ. “ಸೋಮವಾರ ಪ್ರಾಕ್ಟಿಕಲ್ ಎಷ್ಟು ಗಂಟೇಕ್ಕ ಅಂತ ಕೇಳಬೇಕಾಗಿತ್ರಿ.”

ಗುರುತು ಬದಲಾದಾಗಲೆಲ್ಲ ಅದನ್ನು ಹೊಸ ಕರೆಯೆಂದು ತಿಳಿದು ಒಂದು ಸಲ ಗಂಟೆ ಬಾರಿಸಬೇಕೆಂದು ಬೋರ್ಡಿಗೆ ಅಲ್ಲಿಯೇ ಹೊಸದಾಗಿ ಕಲಿಸಿದೆ. ಸಂಜೆ ಗೂಡಿನಲ್ಲಿ ಅದನ್ನು ಮತ್ತೆ ಇಟ್ಟು ರಿಮೋಟನ್ನು ಅಪ್ಪನ ಕೈಗೆ ಕೊಟ್ಟೆ. ಅತ್ತೆಗೆ ಏನೂ ಹೇಳಲಿಲ್ಲ. ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅಪ್ಪ ಒತ್ತಿದ. ಟ್ರಿಣ್. ಸಪ್ಪಳ ನಿಂತಿತು. ಅಪ್ಪ ನನ್ನ ಮುಖ ನೋಡಿ, ಮತ್ತೆ ಒತ್ತಿದ. ಟ್ರಿಣ್.

“ಓ... ಬಂದೆ!”

ಹಿಟ್ಟಿನ ಕೈಯ ಅತ್ತೆ ಬಾಗಿಲಿಗೆ ಬಂದಾಗ ಅಪ್ಪನ ಎರಡು ಬೆರಳುಗಳು ಆಗಲೇ ಮೇಲಿದ್ದವು. ಆಕೆ ಅವನ್ನು ನೋಡಿದಳು, ಗೂಡನ್ನು ನೋಡಿದಳು, ಸೊಂಟಕ್ಕೆ ಕೈ ಕೊಟ್ಟಳು. “ಹೌದೋ ಮಾರಾಯ, ಎರಡ ಇದ್ವು. ನೀ ಗೆದ್ದಿ. ಬೆರಳು ಇಳಸು ಇನ್ನ.”

ಭಾನುವಾರ ಶಹಾಪುರದ ಸಂತೆಗೆ ಹೋದಾಗ ಖಾಜಾ ಚಾಚಾರ ಅಂಗಡಿಯಲ್ಲಿ ಈ ಸಂಗತಿಯನ್ನು ವಿವರಿಸಿದೆ. ಅವರು ಬಿಚ್ಚುತ್ತಿದ್ದ ರಿಮೋಟನ್ನು ಕೆಳಗಿಟ್ಟು, “ಅಂದ್ರ ಇಷ್ಟು ವರ್ಷ ನಾನು ರಿಮೋಟಿಗಿ ಹೊಡದದ್ದೆಲ್ಲ ಮುಫತ್, ಸುಮ್ಮಸುಮ್ಮನ?” ಎಂದರು. ಎಲ್ಲ ರಿಮೋಟುಗಳೂ ಹೀಗಿರುವುದಿಲ್ಲ, ಸವೆದ ಗುಂಡಿಗಳೂ ಇರುತ್ತವೆ ಎಂದು ಸಮಾಧಾನ ಹೇಳಿದೆ. “ಹಾಂ, ಅದನ್ನ ಹೇಳು ಮೊದಲ,” ಎಂದು ಚಹಾ ತರಿಸಿದರು.

ಸೋಮವಾರ ಬೆಳಿಗ್ಗೆ ಅವ್ವ ಎಂದಿನಂತೆ ಟಂಟಂ ಹತ್ತಿ ಹೋಗಿದ್ದಳು. ಮಳೆ ಬಿಟ್ಟು ಎರಡು ದಿನವಾಗಿ ಬಿಸಿಲು ಬಿದ್ದಿತ್ತು. ಕಿಟಕಿ ಮುಚ್ಚಿ ಹೋಗೆಂದು ಅವ್ವ ಹೇಳಿದ್ದಳು. ನಾನು ಮಂಚವನ್ನು ಒಂದು ಮೊಳ ಹಿಂದೆ ಸರಿಸಿ, ಕಿಟಕಿಯನ್ನು ತೆರೆದೇ ಇಟ್ಟೆ. ರಿಮೋಟು ಅಪ್ಪನ ಎದೆಯ ಮೇಲಿತ್ತು. “ಹೋಗಿ ಬರ್ತೀನಪ್ಪ,” ಎಂದರೆ ಅವನು ತಿರುಗಿ ನೋಡಲಿಲ್ಲ. ಅವನ ಕಣ್ಣು ಹೊರಗಿತ್ತು. ಮುನಿಸೇನೋ ಎಂದುಕೊಂಡೆ.

ಓಣಿಯ ತಿರುವು ಮುಟ್ಟಿದ್ದೆ. ಬೆನ್ನ ಹಿಂದೆ ಗಂಟೆ ಕೂಗಿತು. ಕಾಲು ನಿಂತವು. ಮತ್ತೆ ಕೂಗಿತು.

ಅತ್ತೆಯ “ಓ” ಕೇಳಿಸಿತು, ಆದರೂ ನಾನು ಓಡಿದೆ. ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಮಂಚದಿಂದ ಬಿದ್ದನೇ, ಉಸಿರು ಕಟ್ಟಿತೇ ಎಂದು ಏನೇನೋ ನೆನೆಯುತ್ತ ಅಂಗಳಕ್ಕೆ ಬಂದರೆ, ನಮ್ಮ ಮನೆಯ ಬಾಗಿಲಿಂದ ಅತ್ತೆ ಹೊರಬರುತ್ತಿದ್ದಳು. ಸೀರೆ ಮೇಲೆತ್ತಿ ಕಟ್ಟಿದ್ದಳು. ನಮ್ಮ ಪಡಸಾಲೆಯ ಮೂಲೆಯಲ್ಲಿರುತ್ತಿದ್ದ ಅಪ್ಪನ ಸಲಿಕೆ ಆಕೆಯ ಹೆಗಲ ಮೇಲಿತ್ತು.

“ಏನಾತು ಅತ್ತಿ? ಅಪ್ಪಗ ಏನಾತು?”

“ಅವನಿಗೇನಾಗ್ಯಾದ? ಡೂಟಿ ಮ್ಯಾಲ ಬಂದಾನ ನಿಮ್ಮಪ್ಪ. ಕೆನಾಲಿಗಿ ನೀರು ಬಂದಾವ, ನಂದ ಪಾಳಿ. ಸರಿ ದಾರಿ ಬಿಡು, ಇಲ್ಲಂದ್ರ ನೀರು ಮುಂದ ಹೊಂಟಾವು!”

ನಾನು ಒಳಗೆ ಹೋದೆ. ಕಿಟಕಿಯಾಚೆ, ಬಿರಿದ ತಳದ ಮೇಲೆ, ಒಣಗಿದ ಎಲೆ ಕಡ್ಡಿ ನೊರೆಗಳನ್ನು ಮುಂದೆ ನೂಕುತ್ತ ನೀರು ತೆವಳಿ ಬರುತ್ತಿತ್ತು. ಕೋಣೆಯ ತುಂಬ ಆ ವಾಸನೆ. ಅಪ್ಪನ ಹೆಬ್ಬೆರಳು ಇನ್ನೂ ಕೆಂಪು ಗುಂಡಿಯ ಮೇಲಿತ್ತು. ಕೈಯಲ್ಲಿ ಕಿತ್ತ ಚಪ್ಪಲಿ ಹಿಡಿದು ನಿಂತ ನನ್ನನ್ನು ನೋಡಿ ಅವನು ಅರ್ಧ ಬಾಯಿಂದ ನಕ್ಕ. ಆಮೇಲೆ ಗದ್ದ ಎತ್ತಿ ಬಾಗಿಲ ಕಡೆ ತೋರಿಸಿದ, ತೂಬಿನ ಬಳಿ ಸುಮ್ಮನೆ ನಿಂತವರನ್ನು ಅವನು ಮುಂದೆ ಕಳುಹಿಸುತ್ತಿದ್ದ ಹಾಗೆ.

ಅವ್ವನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ತಿರುವಿನಲ್ಲಿ ಮತ್ತೆ ನಿಂತು ಕಿವಿಗೊಟ್ಟೆ. ದೂರದಲ್ಲಿ ಸಲಿಕೆ ಮಣ್ಣಿಗೆ ಬೀಳುವ ಸಪ್ಪಳ ಬಂತು. ಗಂಟೆ ಮೂರನೆಯ ಸಲ ಕೂಗಲಿಲ್ಲ. ರಸ್ತೆಯ ಕಡೆಯಿಂದ ಸುರಪುರದ ಬಸ್ಸಿನ ಹಾರ್ನು ಕೇಳಿಸಿತು; ನಾನು ಓಡಿದೆ.